ವಾಸನೆಯ ಜಾಡು ಹಿಡಿಯುವ ಬೇಟೆಗಾರ

ಎರಡು ಚುಕ್ಕೆಯ ಜೇಡನುಸಿ ಅರ್ಧ ಮಿಲಿಮೀಟರಿನಷ್ಟೇ ಉದ್ದ. ಎಲೆಯಡಿ ನವಿರಾದ ಬಲೆ ನೇಯ್ದು, ಕೋಶಗಳನ್ನು ಚುಚ್ಚಿ ರಸ ಹೀರುತ್ತದೆ. ಎಲೆಯ ಮೇಲೆಲ್ಲ ಬಿಳಿಚಿದ ಚುಕ್ಕೆ.

ಗಿಡವೇನೂ ಸುಮ್ಮನಿರುವುದಿಲ್ಲ. ಬೆಂಗಳೂರಿನ ಮಾರುಕಟ್ಟೆಯಲ್ಲಿ ಡಬಲ್ ಬೀನ್ಸ್ ಎಂದು ಮಾರುವ ಕಾಳಿದೆಯಲ್ಲ, ಅದರ ಗಿಡ ಈ ನುಸಿಯ ಹಾವಳಿಗೆ ಸಿಕ್ಕಾಗ ಬೇರೆಯೇ ವಾಸನೆ ಸೂಸುತ್ತದೆ ಎಂದು 1980ರ ದಶಕದಲ್ಲಿ ನೆದರ್ಲೆಂಡ್ಸ್‌ನ ವಿಜ್ಞಾನಿಗಳು ತೋರಿಸಿಕೊಟ್ಟರು. ಆ ಜಾಡು ಹಿಡಿದು ಬರುವುದು ಫೈಟೋಸಿಯುಲಸ್ ಪರ್ಸಿಮಿಲಿಸ್ ಎಂಬ ಪರಭಕ್ಷಕ ನುಸಿ. ಅದಕ್ಕೆ ಕಣ್ಣೇ ಇಲ್ಲ!

ಕಿತ್ತಳೆ ಬಣ್ಣದ ಈ ಬೇಟೆಗಾರ 1950ರ ದಶಕದಲ್ಲಿ ಚಿಲಿಯ ಆರ್ಕಿಡ್ ಗಿಡಗಳ ಜೊತೆ ಆಕಸ್ಮಿಕವಾಗಿ ಜರ್ಮನಿ ಸೇರಿತು. ಈಗ ಗಾಜಿನಮನೆಯ ಬೆಳೆಗಾರರು ಅದನ್ನು ಕೊಂಡುತಂದು ಸೌತೆ, ಸ್ಟ್ರಾಬೆರಿ ಗಿಡಗಳಿಗೆ ಬಿಡುತ್ತಾರೆ. ಜೇಡನುಸಿಯೇ ಅದರ ಊಟ. ಬೇಟೆ ಮುಗಿದ ಗಿಡದಲ್ಲಿ ಅದೂ ಹೆಚ್ಚು ದಿನ ನಿಲ್ಲುವುದಿಲ್ಲ.