ಶರೀರದ ನೆನಪು

ಯಳಂದೂರು ಎಂದೊಡನೆ ದಿವಾನ್ ಪೂರ್ಣಯ್ಯನವರ ಹೆಸರು ನೆನಪಾಗುತ್ತದೆ. 1807ರಲ್ಲಿ ಆ ಸೀಮೆಯು ಅವರಿಗೆ ವಂಶಪಾರಂಪರ್ಯವಾದ ಜಹಗೀರಾಗಿ ದೊರೆಯಿತು. ನೆರೆಯ ಕೊಳ್ಳೇಗಾಲ, ಹನೂರುಗಳಾದರೋ 1799ರಲ್ಲಿ ಕಂಪನಿಯ ವಶವಾಗಿ, 1956ರವರೆಗೂ ಮದರಾಸಿಗೆ ಸೇರಿದ ಕೊಯಮತ್ತೂರು ಜಿಲ್ಲೆಯಲ್ಲಿದ್ದವು. ರಾಜ್ಯಗಳಿಗಿದ್ದ ಈ ಎಲ್ಲೆಯು ಸಿಡುಬಿಗೆ ಮಾತ್ರ ಇರಲಿಲ್ಲ. ಅದನ್ನು ತಡೆಯಬಲ್ಲ ಸುಂಕದ ಕಟ್ಟೆಯಿದ್ದುದು ಮನುಷ್ಯನ ಶರೀರದೊಳಗೆ.

ಪೂರ್ಣಯ್ಯನವರ ಆಡಳಿತ ಕಾಲದಲ್ಲಿಯೇ, 1805ರ ಸುಮಾರಿಗೆ, ಥಾಮಸ್ ಹಿಕಿಯು ಮೈಸೂರು ಅರಮನೆಯ ಮೂವರು ರಾಜಸ್ತ್ರೀಯರ ಚಿತ್ರವನ್ನು ಬರೆದನು. ಬಲಗಡೆಯ ರಾಣಿಯು ಸೆರಗು ಸರಿಸಿ ತೋರುವ ತೋಳು ಗೋವಿನ ಸಿಡುಬಿನ ರಸವನ್ನು ಹಾಕಿಸಿಕೊಂಡ ಸ್ಥಳವೆಂದೂ, ಎಡಗಡೆಯ ರಾಣಿಯ ಮೂಗುಬಾಯಿಗಳ ಸುತ್ತಲಿನ ಬಿಳುಪು ಸಿಡುಬಿನ ಹಕ್ಕಳೆಯ ಪುಡಿಯನ್ನೇ ಮೂಗಿಗೇರಿಸುವ ಹಳೆಯ ಪದ್ಧತಿಯ ಗುರುತೆಂದೂ ಚರಿತ್ರಕಾರ ನೈಜೆಲ್ ಚಾನ್ಸಲರ್ ವಿವರಿಸಿದ್ದಾರೆ. ಜೆನ್ನರನು 1796ರಲ್ಲಿ ಪರೀಕ್ಷಿಸಿದ ಹೊಸ ವಿಧಾನವು ಮುಂಬಯಿಗೆ ಬಂದು ಆಗಿನ್ನೂ ಮೂರೇ ವರ್ಷ.

ಈ ಎರಡು ವಿಧಾನಗಳೂ ಫಲಿಸುವುದು ಹೇಗೆ? ನಮ್ಮ ರಕ್ತದ ಬಿಳಿಯ ಕಣಗಳಲ್ಲಿ ಒಂದು ಬಗೆಯವು ಕಾವಲುಗಾರರಂತೆ. ಒಬ್ಬೊಬ್ಬನಿಗೆ ಒಂದೊಂದೇ ಮುಖದ ಗುರುತು. ಸ್ವಂತ ಮನೆಯವರ ಮೇಲೆ ಬೀಳುವವರನ್ನು ಶರೀರವು ಬಹುಮಟ್ಟಿಗೆ ಮೊದಲೇ ನಿವಾರಿಸುತ್ತದೆ. ತನಗೆ ಗುರುತಿರುವ ಶತ್ರುವನ್ನು ಕಂಡ ಕಾವಲುಗಾರನು ಸಾವಿರಾರಾಗಿ ಬೆಳೆಯುತ್ತಾನೆ. ಆ ಶತ್ರುವನ್ನು ಹಿಡಿದುಕೊಳ್ಳುವ ಪ್ರತಿಕಾಯಗಳನ್ನು ಸುರಿಸುತ್ತಾನೆ. ಈ ಆಯ್ಕೆಯ ಕ್ರಮವನ್ನು ಬರ್ನೆಟ್ 1957ರಲ್ಲಿ ಪ್ರತಿಪಾದಿಸಿದನು. ಆದರೆ ಮೊದಲ ಸಲ ಈ ಸಿದ್ಧತೆಗೆ ಹಲವು ದಿನಗಳು ಬೇಕು. ಸಿಡುಬು ಕೊಲ್ಲುತ್ತಿದ್ದುದು ಆ ವಿಳಂಬದಲ್ಲಿಯೇ. ಬದುಕಿದವನಲ್ಲಿ ಮಾತ್ರ ಕೆಲವು ಕಣಗಳು ನೆನಪಾಗಿ ಉಳಿಯುತ್ತಿದ್ದವು; ಎರಡನೆಯ ಸಲ ಶತ್ರು ಬಂದರೆ ತಡವಿಲ್ಲ.

ಗೋವಿನ ಸಿಡುಬು ಮನುಷ್ಯರ ಸಿಡುಬಿನ ದಾಯಾದಿ. ಮುಖಲಕ್ಷಣ ಒಂದೇ, ಕ್ರೌರ್ಯ ಅಲ್ಪ. ಆದ್ದರಿಂದ ಅದನ್ನು ಕಂಡ ಶರೀರವು ಇದನ್ನೂ ಗುರುತಿಸುತ್ತದೆ. ಹಳೆಯ ಪದ್ಧತಿಯು ನಿಜವಾದ ಶತ್ರುವನ್ನೇ ಒಳಗೆ ಬಿಡುತ್ತಿತ್ತು. ಕೆಲವರು ಅದರಿಂದಲೇ ಸಾಯುತ್ತಿದ್ದರು, ನೆರೆಯವರಿಗೂ ಸೋಂಕು ತಗಲುತ್ತಿತ್ತು. ಒಂದೇ ಚಿತ್ರದ ಇಬ್ಬರು ರಾಣಿಯರ ನಡುವಿನ ಅಂತರ ಇಷ್ಟು.

ಜಹಗೀರು ತಂದೆಯಿಂದ ಮಗನಿಗೆ ಇಳಿಯುತ್ತದೆ. ಶರೀರದ ನೆನಪು ಹಾಗಲ್ಲ. ತಾಯಿಯಿಂದ ಬಂದ ಪ್ರತಿಕಾಯಗಳು ಶಿಶುವಿನಲ್ಲಿ ಕೆಲವು ತಿಂಗಳು ಇದ್ದು ಕರಗುತ್ತವೆ. ಆದ್ದರಿಂದ ಯಳಂದೂರಿನಲ್ಲಾಗಲಿ ಹನೂರಿನಲ್ಲಾಗಲಿ, ಪ್ರತಿಯೊಂದು ತಲೆಮಾರಿನ ಮಕ್ಕಳ ತೋಳಿನ ಮೇಲೂ ಆ ಪಾಠವನ್ನು ಹೊಸದಾಗಿ ಬರೆಯಬೇಕಾಗಿತ್ತು. 1975ರಲ್ಲಿ ಭಾರತದಿಂದಲೂ 1980ರ ಘೋಷಣೆಯಂತೆ ಲೋಕದಿಂದಲೂ ಸಿಡುಬು ತೊಲಗಿದುದು, ಆ ಪಾಠವನ್ನು ಬರೆಯುವುದರಲ್ಲಿ ಜನರು ಬೇಸರಪಡದೆ ಇದ್ದುದರಿಂದ.