ಲಂಘನವೂ ಲವಣೋದಕವೂ

'ಲಂಘನಂ ಪರಮೌಷಧಂ' ಎಂಬ ಮಾತನ್ನು ನಮ್ಮ ಮನೆಗಳಲ್ಲಿ ಕೇಳದವರು ವಿರಳ. ಅಜೀರ್ಣದಿಂದ ನರಳುವ ಪ್ರೌಢರಿಗೆ ಅದು ಹಿತವಚನವಾದೀತು. ಅತಿಸಾರಕ್ಕೆ ತುತ್ತಾದ ಶಿಶುಗಳ ವಿಷಯದಲ್ಲಿಯಾದರೋ ಎಷ್ಟೋ ತೊಟ್ಟಿಲುಗಳನ್ನು ಬರಿದುಮಾಡಿದೆ. ಪಾಶ್ಚಾತ್ಯ ವೈದ್ಯರೂ ಕರುಳಿಗೆ ವಿಶ್ರಾಂತಿ ಬೇಕೆಂದು ಬಹುಕಾಲ ಮಕ್ಕಳನ್ನು ಉಪವಾಸ ಕೆಡಹುತ್ತಿದ್ದರು. ಈ ಮತವು ಹೇಗೆ ಸಡಿಲವಾಯಿತೆಂಬುದನ್ನು ಇಲ್ಲಿ ಸಂಗ್ರಹವಾಗಿ ನಿರೂಪಿಸಿದೆ.

1831ರ ಕಾಲರಾ ಮಾರಿಯಲ್ಲಿ ಓಷಾನೆಸಿ ಎಂಬ ತರುಣ ವೈದ್ಯರು ರೋಗಿಗಳ ರಕ್ತವನ್ನು ಪರೀಕ್ಷಿಸಿ, ಅದರಲ್ಲಿ ನೀರೂ ಲವಣಗಳೂ ಕ್ಷಯಿಸಿರುವುದನ್ನು ಕಂಡರು. ಮರುವರ್ಷ ಸ್ಕಾಟ್ಲೆಂಡಿನ ಥಾಮಸ್ ಲಟ್ಟಾ ಎಂಬವರು ಲವಣೋದಕವನ್ನು ರಕ್ತನಾಳದೊಳಕ್ಕೆ ಹರಿಸಿ ಕೆಲವರನ್ನು ಬದುಕಿಸಿದರು. ಪ್ರಾಣವನ್ನು ಕೊಳ್ಳುವುದು ಜಲಕ್ಷಯವೆಂಬ ತತ್ತ್ವವು ಹೀಗೆ ಅಂದೇ ಗೋಚರವಾಗಿತ್ತು. ಆದರೆ ವೈದ್ಯರೂ ಆಸ್ಪತ್ರೆಯೂ ಇಲ್ಲದ ಹಳ್ಳಿಯ ತಾಯಿಗೆ ಅದರಿಂದ ಏನು ಫಲ? ಬರಿಯ ಉಪ್ಪುನೀರನ್ನು ಕುಡಿಸಿದರೆ ಕರುಳು ಅದನ್ನು ಸಾಕಷ್ಟು ಹೀರಲಾರದು.

ಈ ತೊಡಕನ್ನು ಬಿಡಿಸಿದುದು ಸಕ್ಕರೆ. 1953ರಲ್ಲಿ ಕಲ್ಕತ್ತೆಯ ಹೇಮೇಂದ್ರನಾಥ ಚಟರ್ಜಿಯವರು ಬಾಯಿಯ ಮೂಲಕವೇ ದ್ರಾವಣವನ್ನು ಕೊಟ್ಟು ಕಾಲರಾ ರೋಗಿಗಳನ್ನು ಗುಣಪಡಿಸಿದ ವರದಿಯನ್ನು ಪ್ರಕಟಿಸಿದರು. ಗ್ಲೂಕೋಸು ಕರುಳಿನ ಭಿತ್ತಿಯನ್ನು ದಾಟುವಾಗ ಸೋಡಿಯಮನ್ನೂ ಜೊತೆಗೆ ಒಯ್ಯುವುದೆಂದು 1960ರಲ್ಲಿ ರಾಬರ್ಟ್ ಕ್ರೇನ್ ಪ್ರತಿಪಾದಿಸಿದರು. ನೀರು ಇವೆರಡನ್ನೂ ಹಿಂಬಾಲಿಸುತ್ತದೆ. 1968ರಲ್ಲಿ ಢಾಕಾದಲ್ಲಿ ನೇಲಿನ್ ಮತ್ತು ಕ್ಯಾಶ್ ಎಂಬವರು ಇದನ್ನು ರೋಗಿಗಳಲ್ಲಿ ಪ್ರಯೋಗಿಸಿ ತೋರಿಸಿದರು.

ನಿಜವಾದ ಪರೀಕ್ಷೆ ಬಂದುದು 1971ರಲ್ಲಿ. ಪೂರ್ವ ಪಾಕಿಸ್ತಾನದಿಂದ ಬಂದ ನಿರಾಶ್ರಿತರ ಬನಗಾಂವ್ ಶಿಬಿರದಲ್ಲಿ ಕಾಲರಾ ಹಬ್ಬಿ, ನಾಳಕ್ಕೆ ಹರಿಸುವ ದ್ರವವು ಮುಗಿಯುತ್ತ ಬಂದಿತು. ದಿಲೀಪ್ ಮಹಾಲನಬಿಸ್ ಅವರು ಲೀಟರಿಗೆ 22 ಗ್ರಾಂ ಗ್ಲೂಕೋಸು, 3.5 ಗ್ರಾಂ ಉಪ್ಪು, 2.5 ಗ್ರಾಂ ಅಡಿಗೆ ಸೋಡಾ ಬೆರೆಸಿ, ಕುಡಿಸುವ ಕಾರ್ಯವನ್ನು ರೋಗಿಗಳ ಬಂಧುಗಳಿಗೇ ಒಪ್ಪಿಸಿದರು. ನೂರಕ್ಕೆ 30ರವರೆಗೆ ಏರಿದ್ದ ಮರಣವು ಅವರ ಆರೈಕೆಯಲ್ಲಿ 3.6ಕ್ಕೆ ಇಳಿಯಿತು. ಔಷಧವು ವೈದ್ಯನ ಕೈಯಿಂದ ತಾಯಿಯ ಕೈಗೆ ಬಂದಿತು.

ಇನ್ನು ಆಹಾರದ ಮಾತು. ಭೇದಿಯ ನಡುವೆಯೂ ಕರುಳು ಅನ್ನಸಾರವನ್ನು ಹೀರುತ್ತದೆಂದೂ, ಹೆಚ್ಚು ಉಣಿಸಿದಷ್ಟೂ ಹೆಚ್ಚು ಹೀರುತ್ತದೆಂದೂ ಚುಂಗ್ ಎಂಬವರು 1948ರಲ್ಲಿಯೇ ತೋರಿಸಿದ್ದರು. ಲಂಘನದ ಪದ್ಧತಿ ಮಾತ್ರ ಅನೇಕ ವರ್ಷ ಬಿಡಲಿಲ್ಲ. ಇಂದಿನ ವೈದ್ಯಮತವು ನಿಸ್ಸಂದಿಗ್ಧವಾಗಿದೆ: ಎದೆಹಾಲನ್ನು ನಿಲ್ಲಿಸಬಾರದು, ಅನ್ನ ತಿನ್ನುವ ಮಗುವಿಗೆ ಮೆತ್ತನೆಯ ಆಹಾರವನ್ನು ಸ್ವಲ್ಪಸ್ವಲ್ಪವಾಗಿ ಮೇಲಿಂದಮೇಲೆ ಕೊಡಬೇಕು. ದ್ರಾವಣದ ಪ್ರಮಾಣವು 2002ರಲ್ಲಿ ಪರಿಷ್ಕೃತವಾಗಿರುವುದರಿಂದ, ಈಗಿನ ಪೊಟ್ಟಣವನ್ನು ಅದರ ಮೇಲೆ ಹೇಳಿರುವಷ್ಟೇ ಶುದ್ಧಜಲದಲ್ಲಿ ಕರಗಿಸತಕ್ಕದ್ದು. ಮಗು ಕುಡಿಯಲಾರದೆ ಸೊರಗಿದರೆ, ಕಣ್ಣು ಗುಳಿಬಿದ್ದರೆ, ಮಲದಲ್ಲಿ ರಕ್ತ ಕಂಡರೆ ತಡಮಾಡದೆ ವೈದ್ಯರಲ್ಲಿಗೆ ಒಯ್ಯಬೇಕು.

ಉಪ್ಪು, ಸಕ್ಕರೆ, ನೀರು, ಅನ್ನ: ಇವುಗಳ ಬೆಲೆಯನ್ನು ಅರಿಯಲು ಶಾಸ್ತ್ರಕ್ಕೆ ಶತಮಾನಕ್ಕೂ ಮಿಕ್ಕ ಕಾಲ ಬೇಕಾಯಿತು. ಮನೆಯ ಹಿರಿಯರು ಅದನ್ನು ಒಂದು ದಿನ ತಡವಾಗಿ ಅರಿತರೂ ಮಗುವಿಗೆ ಅದು ಬಹಳ ತಡ.