ರಾಗದ ಹೆಸರಲ್ಲೇ ಕೀಲಿಕೈ

‘ಧೀರಶಂಕರಾಭರಣ’ ಎಂಬ ಹೆಸರಿನಲ್ಲಿ ‘ಧೀರ’ ಎಂಬುದು ಬರಿಯ ವಿಶೇಷಣವಲ್ಲ, ಅದೊಂದು ಸಂಖ್ಯೆ. ಕಟಪಯಾದಿ ಪದ್ಧತಿಯಲ್ಲಿ ‘ಧ’ಕಾರಕ್ಕೆ 9, ‘ರ’ಕಾರಕ್ಕೆ 2. ಈ 92ನ್ನು ತಿರುಗಿಸಿ ಓದಿದರೆ 29. ಕರ್ನಾಟಕ ಸಂಗೀತದ 72 ಮೇಳಗಳಲ್ಲಿ ಶಂಕರಾಭರಣದ ಸ್ಥಾನ ಅದೇ. ಹಾಗೆಯೇ ‘ಮಾಯಾ’ಮಾಳವಗೌಳ 15, ‘ಹರಿ’ಕಾಂಭೋಜಿ 28.

ಈ 72ರ ಲೆಕ್ಕವನ್ನು ಕಟ್ಟಿದವನು 17ನೇ ಶತಮಾನದ ವೆಂಕಟಮಖಿ. ತಂಜಾವೂರಿನ ನಾಯಕ ಅರಸರ ಮಂತ್ರಿಯಾಗಿದ್ದ, ಕನ್ನಡ ಮೂಲದ ಗೋವಿಂದ ದೀಕ್ಷಿತನ ಮಗ. ಅವನ ಗ್ರಂಥ ‘ಚತುರ್ದಂಡಿ ಪ್ರಕಾಶಿಕಾ’.

ಲೆಕ್ಕ ಸರಳ. ಷಡ್ಜ, ಪಂಚಮಗಳು ಸ್ಥಿರ. ಷಡ್ಜ ಮತ್ತು ಶುದ್ಧ ಮಧ್ಯಮಗಳ ನಡುವೆ ನಾಲ್ಕು ಸ್ವರಸ್ಥಾನಗಳಿವೆ. ಅವುಗಳಲ್ಲಿ ಎರಡನ್ನು ರಿಷಭ, ಗಾಂಧಾರಗಳಿಗೆ ಆರಿಸಬೇಕು. ನಾಲ್ಕರಲ್ಲಿ ಎರಡನ್ನು ಎಷ್ಟು ಬಗೆಯಲ್ಲಿ ಆರಿಸಬಹುದು? ಇಂಥ ಪ್ರಶ್ನೆಗೆ ಸಾಮಾನ್ಯ ಸೂತ್ರವನ್ನು ನೃಪತುಂಗನ ಕಾಲದ ಜೈನ ಗಣಿತಜ್ಞ ಮಹಾವೀರಾಚಾರ್ಯ ಸುಮಾರು ಕ್ರಿ.ಶ. 850ರಲ್ಲೇ ‘ಗಣಿತಸಾರಸಂಗ್ರಹ’ದಲ್ಲಿ ಕೊಟ್ಟಿದ್ದ. ಆರು ರುಚಿಗಳ ಬೆರಕೆ ಅವನ ಉದಾಹರಣೆ. ಆ ಸೂತ್ರದಂತೆ ಇಲ್ಲಿ ಉತ್ತರ 6. ಧೈವತ, ನಿಷಾದಗಳಿಗೂ 6. ಆರಾರಲೆ 36. ಮಧ್ಯಮ ಎರಡು ಬಗೆಯಾದ್ದರಿಂದ ಒಟ್ಟು 72.

ಜೋಡಣೆಗೆ ಕ್ರಮವಿರುವುದರಿಂದ ಪಟ್ಟಿಯನ್ನು ಬಾಯಿಪಾಠ ಮಾಡಬೇಕಿಲ್ಲ. ಆರಾರು ಮೇಳಗಳಿಗೆ ಒಂದು ಚಕ್ರ. 29 ಬರುವುದು ಐದನೆಯ ಚಕ್ರದ ಐದನೆಯ ಸ್ಥಾನದಲ್ಲಿ. ಚಕ್ರ ಐದನೆಯದಾದ್ದರಿಂದ ರಿ-ಗ ಜೋಡಿಗಳಲ್ಲಿ ಐದನೆಯದು: ಚತುಃಶ್ರುತಿ ರಿಷಭ, ಅಂತರ ಗಾಂಧಾರ. ಸ್ಥಾನ ಐದನೆಯದಾದ್ದರಿಂದ ಧ-ನಿ ಜೋಡಿಗಳಲ್ಲೂ ಐದನೆಯದು: ಚತುಃಶ್ರುತಿ ಧೈವತ, ಕಾಕಲಿ ನಿಷಾದ. ಸಂಖ್ಯೆ 36ರೊಳಗಿರುವುದರಿಂದ ಶುದ್ಧ ಮಧ್ಯಮ. ಹೆಸರಿನ ಎರಡು ಅಕ್ಷರ ತಿಳಿದರೆ ಏಳು ಸ್ವರವೂ ಕೈಗೆ ಬಂತು. ಇಂದು ಕಂಪ್ಯೂಟರ್ ಪ್ರೋಗ್ರಾಂ ಬರೆಯುವವರು ಹಲವು ಪಟ್ಟಿಗಳ ಅಂಶಗಳನ್ನು ಜೋಡಿಸಿ ಕೀಲಿಗಳನ್ನು ತಯಾರಿಸಿ, ಅವುಗಳಿಂದ ಮಾಹಿತಿ ಹುಡುಕುವುದೂ ಇದೇ ರೀತಿ.

ಆದರೆ ಗಣಿತ ಸಾಧ್ಯವೆಂದದ್ದೆಲ್ಲ ಬಳಕೆಯಲ್ಲಿರಲಿಲ್ಲ. ವೆಂಕಟಮಖಿ ತನ್ನ ಕಾಲದಲ್ಲಿ ಪ್ರಚಲಿತವೆಂದು ಹೇಳಿದ್ದು 19 ಮೇಳಗಳನ್ನು ಮಾತ್ರ. ಉಳಿದ 53 ಬರಿಯ ಖಾಲಿ ಮನೆಗಳು. ಹಾಡುವವರಿಲ್ಲವೆಂದು ಅವನು ಅವುಗಳನ್ನು ಅಳಿಸಲಿಲ್ಲ. ಕನಕಾಂಗಿ, ರತ್ನಾಂಗಿ ಎಂದು ಸಾಗುವ ಇಂದಿನ ಹೆಸರುಗಳು ಬಂದದ್ದು ಅವನ ನಂತರ. ಶಂಕರಾಭರಣದಂಥ ಹಳೆಯ ಹೆಸರಿಗೆ ‘ಧೀರ’ ಸೇರಿದ್ದೂ ಸಂಖ್ಯೆ ಹೊಂದಲೆಂದೇ. 19ನೇ ಶತಮಾನದಲ್ಲಿ ಮಹಾ ವೈದ್ಯನಾಥ ಅಯ್ಯರ್ 72 ಮೇಳಗಳನ್ನೂ ಒಂದೇ ರಾಗಮಾಲಿಕೆಯಲ್ಲಿ ಪೋಣಿಸಿದರು. ಖಾಲಿ ಮನೆಗಳಿಗೂ ಹಾಡು ಬಂತು.